ಲೇಹ್‌ನ ಸಾಲಿನಲ್ಲಿ ನನ್ನ ಜಾಗ

ಲೇಹ್‌ನಲ್ಲಿ ಬಂದಿಳಿದ ದಿನ ಬಾಡಿಗೆ ಮನೆಯ ಯಜಮಾನಿ ಬಾಗಿಲು ತೆರೆದು, ಎರಡೂ ಕೈ ಜೋಡಿಸಿ, "ಬನ್ನಿ ಮೇಡಂ-ಲೇ" ಎಂದರು. ನಾನು ಬೆಚ್ಚಿಬಿದ್ದೆ. ನಮ್ಮ ನರಸೀಪುರದ ಕಡೆ ಒಬ್ಬ ಗಂಡಸು ಇನ್ನೊಬ್ಬನನ್ನು ‘ಲೇ’ ಎಂದು ಕರೆದರೆ ಇಬ್ಬರೂ ಜೀವದ ಗೆಳೆಯರಾಗಿರಬೇಕು, ಇಲ್ಲವೇ ಜಗಳಕ್ಕೆ ನಿಂತಿರಬೇಕು. ಹೆಂಗಸನ್ನು ಹಾಗೆ ಕರೆದರಂತೂ ಕೇಳುವುದೇ ಬೇಡ. ಲಡಾಖಿ ಭಾಷೆಯಲ್ಲಿ ಅದು ಗೌರವದ ಮಾತು, ನಮ್ಮ ‘ಅವರೇ’ ಇದ್ದ ಹಾಗೆ ಎಂದು ಗೊತ್ತಾಗಲು ಎರಡು ದಿನ ಬೇಕಾಯಿತು. ಅಮಾ ಎಂದರೆ ತಾಯಿ. ಹಾಗಾಗಿ ಆಕೆ ನನಗೆ ಅಮಾ-ಲೇ ಆದರು.

ಆ ಎರಡು ದಿನವೂ ಮಲಗಿಯೇ ಇದ್ದೆ. ಅಷ್ಟು ಎತ್ತರದಲ್ಲಿ ಹೊಸಬರು ನಾಲ್ಕು ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳುತ್ತದೆ. ನಂಜನಗೂಡಿನಲ್ಲಿ ಹನ್ನೊಂದು ವರ್ಷ ಮನೆ ಮಾಡಿಕೊಂಡು, ದಿನವೂ ರೈಲಿನಲ್ಲಿ ಮೈಸೂರಿನ ಕೇಂದ್ರ ಸರ್ಕಾರದ ಶಾಲೆಗೆ ಹೋಗಿಬಂದು ವಿಜ್ಞಾನ ಪಾಠ ಮಾಡುತ್ತಿದ್ದವಳಿಗೆ ವರ್ಗಾವಣೆ ಆದದ್ದು ಅಲ್ಲಿಗೆ. ಕಿಟಕಿಯಾಚೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟಗಳು. ಸೋಮನಾಥಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮನೆ ಬಾಗಿಲಿಗೆ ಬಂದು ನಿಂತರೆ ಭತ್ತದ ಹಸಿರು ಕಣ್ಣಿಗೆ ರಾಚುತ್ತಿತ್ತು. ಈ ಬೋಳು ಬೆಟ್ಟಗಳನ್ನು ನೋಡಿ, ತಪ್ಪು ಗ್ರಹಕ್ಕೆ ಬಂದುಬಿಟ್ಟೆನೇನೋ ಅನ್ನಿಸಿ ಅತ್ತೆ.

ಅಪ್ಪನಿಗೆ ಫೋನ್ ಮಾಡಿದೆ. ಅವರು ಅಣ್ಣನ ಮನೆಯಲ್ಲಿದ್ದಾರೆ. ಕೂಲಿ ಮಾಡಿ ನಮ್ಮನ್ನು ಓದಿಸಿದವರು, ನಡುವಯಸ್ಸಿನಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡವರು.

"ಅಳ್ತಾ ಇದ್ದೀಯಾ ಮಗಾ?"

"ಇಲ್ಲಿ ಏನೂ ಇಲ್ಲ ಅಪ್ಪ. ಬರೀ ಕಲ್ಲು."

"ಕಲ್ಲಿದ್ರೆ ಕಲ್ಲ ನೋಡು. ಇಲ್ದೇ ಇರೋ ಗದ್ದೆನ ಯಾಕೆ ಉಡುಕ್ತೀಯೆ? ಇದ್ದದ್ನ ಇದ್ದಂಗೆ ನೋಡು ಕಣವ್ವ. ಉಸುರು ಸಿಕ್ದಿದ್ರೆ ಉಸುರ್ನೇ ನೋಡ್ತಾ ಕೂತ್ಕೊ. ಎಳೆಯಕ್ಕೂ ಓಗ್ಬೇಡ, ತಡಿಯಕ್ಕೂ ಓಗ್ಬೇಡ."

ಆ ಮಾತಿನಿಂದಲೇ ನನ್ನ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಗೆ ಬಂತು. ಬೆಳಿಗ್ಗೆ ಶಾಲೆಗೆ ಮುಂಚೆ ಮನೆ ಹಿಂದಿನ ಸಣ್ಣ ಕಾಲುವೆಯ ದಡದಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡೆ. ಮೊದಮೊದಲು ಕಂಡದ್ದಕ್ಕೆಲ್ಲ ಬಟನ್ ಒತ್ತುತ್ತಿದ್ದೆ. ಬರಬರುತ್ತಾ ಸುಮ್ಮನೆ ಉಸಿರು ನೋಡಿಕೊಂಡು ಕೂತು, ಬಿಸಿಲು ಬೆಟ್ಟದಿಂದ ಇಳಿದು ಬರುವುದನ್ನು ಕಾಯತೊಡಗಿದೆ. ಕಂದು ಎಂದುಕೊಂಡಿದ್ದ ಬೆಟ್ಟದಲ್ಲಿ ನೇರಳೆ ಇತ್ತು, ಗುಲಾಬಿ ಇತ್ತು, ಹಸುವಿನ ಗಿಣ್ಣಿನ ಬಣ್ಣವಿತ್ತು. ಕೆಲವು ದಿನ ಒಂದೂ ಚಿತ್ರ ತೆಗೆಯದೆ ಎದ್ದು ಬರುತ್ತಿದ್ದೆ. ಆ ದಿನಗಳಲ್ಲಿ ಪಾಠವೂ ಚೆನ್ನಾಗಿ ಆಗುತ್ತಿತ್ತು.

ಕರಗಿದ ಹಿಮವೇ ಆ ಕಾಲುವೆಯ ನೀರು. ಯಾರ ಹೊಲಕ್ಕೆ ಯಾವಾಗ ಬಿಡಬೇಕೆಂದು ನೋಡಿಕೊಳ್ಳುವವನನ್ನು ಅಲ್ಲಿ ಚುರ್ಪೊನ್ ಎನ್ನುತ್ತಾರೆ. ನಮ್ಮೂರ ನೀರುಗಂಟಿಯೇ ಅವನು. ಅದೇ ಗುದ್ದಲಿ, ಅದೇ ಬೈಗುಳ! ಊಟಕ್ಕೆ ಪಾಬಾ ಎಂಬ ಹಿಟ್ಟಿನ ಉಂಡೆ ಇದೆ, ಬಾರ್ಲಿ ಮತ್ತು ಬಟಾಣಿ ಹಿಟ್ಟಿನದು. ಊರಿಂದ ತಂದ ರಾಗಿಹಿಟ್ಟಿನಲ್ಲಿ ಒಂದು ದಿನ ಮುದ್ದೆ ತಿರುವಿ, ಅಲ್ಲಿನ ಸೊಪ್ಪಿನಲ್ಲೇ ಉಪ್ಪೆಸರು ಮಾಡಿ ಬಡಿಸಿದೆ. ಅಮಾ-ಲೇ ನುಂಗಿ, ನಮ್ಮಿಬ್ಬರಿಗೂ ಅರ್ಧಂಬರ್ಧ ಬರುವ ಹಿಂದಿಯಲ್ಲಿ ಹೇಳಿದರು: "ಇದು ಕಪ್ಪು ಪಾಬಾ. ನೀನು ನಮ್ಮವಳೇ." ಅವರ ದೇವರಮನೆಯಲ್ಲೂ ಬುದ್ಧ, ನಮ್ಮ ಮನೆಯ ಗೋಡೆಯಲ್ಲೂ ಬುದ್ಧ. ಆ ಮಾತನ್ನು ನಾನು ಪೂರ್ತಿ ನಂಬಿದೆ.

ಅಕ್ಟೋಬರಿನಲ್ಲಿ ಬಾರ್ಲಿ ಕೊಯ್ಲು ಮುಗಿದ ಮೇಲೆ ನೆರೆಮನೆಯಲ್ಲಿ ಮದುವೆಯಾಯಿತು. ಫೋಟೋ ತೆಗೆಯಲು ನನ್ನನ್ನೇ ಕರೆದರು. ಅಲ್ಲಿ ಪಂಕ್ತಿಗೆ ಡ್ರಲ್ ಎನ್ನುತ್ತಾರೆ. ಒಲೆಯ ಹತ್ತಿರ ದೊಡ್ಡವರು, ಆಮೇಲೆ ಮನೆತನ, ವಯಸ್ಸು ನೋಡಿಕೊಂಡು ಒಬ್ಬರ ಪಕ್ಕ ಒಬ್ಬರು. ನನ್ನನ್ನು ಅಮಾ-ಲೇ ಪಕ್ಕದಲ್ಲೇ ಕೂರಿಸಿದ್ದರು. ಎದ್ದು ನಿಂತು, ಇಡೀ ಸಾಲು ಬರುವಂತೆ ಕ್ಯಾಮೆರಾ ಹಿಡಿದೆ. ಒಂದು ತುದಿಯಿಂದ ಮುಖಗಳನ್ನು ನೋಡುತ್ತಾ ಹೋದೆ. ಸಾಲು ಮುಗಿಯಿತು. ಆಮೇಲೆ ಒಂದಿಷ್ಟು ಬರಿನೆಲ. ಅದರಾಚೆ, ಚಪ್ಪಲಿ ಬಿಟ್ಟಿದ್ದ ಬಾಗಿಲ ಪಕ್ಕದಲ್ಲಿ, ದಮನ್ ಎಂಬ ಜೋಡಿ ನಗಾರಿ ಬಾರಿಸುವ ಮುದುಕರು ಒಬ್ಬರೇ ಕೂತಿದ್ದರು. ಅವರ ಕೆಳಗೆ ಚಾಪೆ ಇರಲಿಲ್ಲ. ಎಲ್ಲರ ಮುಂದೆಯೂ ಮನೆಯ ಬಟ್ಟಲು; ಅವರು ತಮ್ಮದನ್ನು ಅಂಗಿಯೊಳಗಿಂದ ತೆಗೆದರು. ಚಹಾ ಹೊಯ್ಯುವವರು ಬಟ್ಟಲಿಗೆ ತಾಕದಂತೆ ಮೇಲಿನಿಂದ ಹೊಯ್ದರು.

ಅಪ್ಪ ತಮಟೆ ಬಾರಿಸುತ್ತಿದ್ದವರು. ಐದಾರು ವರ್ಷದವಳಿದ್ದಾಗ ದೊಡ್ಡವರೊಬ್ಬರ ಮನೆಯ ಮದುವೆಗೆ ಅವರ ಹಿಂದೆ ಹೋಗಿದ್ದೆ. ಎಲ್ಲರದ್ದೂ ಆದ ಮೇಲೆ ಕೊಟ್ಟಿಗೆಯ ಪಕ್ಕ ನಮಗೆ ಎಲೆ ಹಾಕಿ, ದೂರದಿಂದ ಅನ್ನ ಬಿಟ್ಟರು. "ಉಣ್ಣವ್ವ, ಪಾಯಸ ಚೆನ್ನಾಗದೆ" ಎಂದು ಅಪ್ಪ ತಮ್ಮ ಪಾಯಸವನ್ನೂ ನನ್ನ ಎಲೆಗೆ ಹಾಕಿದ್ದರು. ದೀಕ್ಷೆ ತೆಗೆದುಕೊಂಡ ದಿನವೇ ತಮಟೆ ಬಿಟ್ಟರು. ಅದರ ಮೇಲಿನ ಪ್ರೀತಿ ಹೋಗಿತ್ತೆಂದಲ್ಲ. ಎಲ್ಲಿಯಾದರೂ ಸದ್ದು ಕೇಳಿದರೆ ತೊಡೆಯ ಮೇಲೆ ಅವರ ಬೆರಳು ಆಡುತ್ತಿದ್ದವು.

ಬುದ್ಧನ ಮನೆಯಲ್ಲೂ ಇದೇ ಎಂದು ಸಂಕಟವಾಯಿತು. ಕಣ್ಣು ತಪ್ಪಿಸಬಹುದಿತ್ತು. ಚೌಕಟ್ಟನ್ನು ಸ್ವಲ್ಪ ಎಡಕ್ಕೆ ಸರಿಸಿದ್ದರೆ ಅವರು ಚಿತ್ರಕ್ಕೇ ಬರುತ್ತಿರಲಿಲ್ಲ. ನಾನು ಸರಿಸಲಿಲ್ಲ. ಇದ್ದದ್ದು ಇದ್ದ ಹಾಗೆ ತೆಗೆದೆ. ಕ್ಯಾಮೆರಾ ಕೆಳಗಿಟ್ಟು, ನನ್ನ ಬಟ್ಟಲು ಎತ್ತಿಕೊಂಡು, ಬಾಗಿಲ ಪಕ್ಕ ಹೋಗಿ ಕೂತೆ.

ಮುದುಕರು ಗಾಬರಿಯಾದರು. "ಇಲ್ಲಿ ಬೇಡ ಮೇಡಂ-ಲೇ. ಮೇಲೆ ಹೋಗಿ."

"ನಮ್ಮಪ್ಪನೂ ನಿಮ್ಮ ಹಾಗೆ ವಾದ್ಯದವರು. ಇದೇ ನನ್ನ ಜಾಗ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಾಲು ಮಡಚಿ ನನಗೆ ಜಾಗ ಮಾಡಿಕೊಟ್ಟರು. ಸಾಲಿನವರೆಲ್ಲ ನಮ್ಮ ಕಡೆ ತಿರುಗಿದ್ದರು.

ನಾಲ್ಕು ದಿನ ಅಮಾ-ಲೇ ಮಾತಾಡಲಿಲ್ಲ. ನನ್ನ ಕೋಣೆಯ ಒಲೆಗೆ ಸೌದೆ ಮಾತ್ರ ತಪ್ಪದೆ ತಂದಿಡುತ್ತಿದ್ದರು. ಮನೆ ಬಿಡಬೇಕಾಗಬಹುದೆಂದು ಪುಸ್ತಕಗಳನ್ನು ಕಟ್ಟಿಟ್ಟೆ. ಐದನೆಯ ದಿನ ಬಂದು, "ಆ ಫೋಟೋ ತೋರಿಸು" ಎಂದರು. ತೋರಿಸಿದೆ. ಬಾಗಿಲ ಪಕ್ಕದ ಬರಿನೆಲದ ಮೇಲೆ ಬೆರಳಿಟ್ಟುಕೊಂಡು ಕೂತರು.

"ಹುಟ್ಟಿದಾಗಿನಿಂದ ಹೀಗೇ. ಇದು ತಪ್ಪು ಅಂತ ಯಾರೂ ಹೇಳಲಿಲ್ಲ."

"ಬಾಗಿಲಲ್ಲಿ ಕೂತವರನ್ನು ಕೇಳಿದ್ದರೆ ಹೇಳುತ್ತಿದ್ದರು, ಅಮಾ-ಲೇ."

ಅವರು ಎದ್ದು ಹೋದರು. ಕಟ್ಟಿಟ್ಟ ಪುಸ್ತಕಗಳನ್ನು ಬಿಚ್ಚಲು ನನಗೆ ಧೈರ್ಯ ಬರಲಿಲ್ಲ.

ನವೆಂಬರಿನಲ್ಲಿ ಅಮಾ-ಲೇ ಅವರ ಮೊಮ್ಮಗುವಿಗೆ ಹೆಸರಿಡುವ ಊಟ ನಮ್ಮ ಮನೆಯಲ್ಲೇ ಆಯಿತು. ವಾದ್ಯಕ್ಕೆ ಅದೇ ಮುದುಕರು ಬಂದು ಬಾಗಿಲಲ್ಲಿ ಕೂರಲು ಹೋದರು. ಅಮಾ-ಲೇ ಆ ಮುದುಕರ ತೋಳು ಹಿಡಿದು ತಂದು ತಮಗೂ ನನಗೂ ನಡುವೆ ಕೂರಿಸಿ, ಮನೆಯ ಬಟ್ಟಲಿನಲ್ಲಿ ಚಹಾ ಹೊಯ್ದರು. ಅಮಾ-ಲೇ ಅವರ ಮೈದುನ ಎದ್ದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟೇ ಹೋದರು. ಇನ್ನೂ ಆ ಮನೆಯವರು ಬಂದಿಲ್ಲ. ಸಂಜೆ ಹೊತ್ತು ಅಮಾ-ಲೇ ಆ ದಾರಿಯ ಕಡೆ ನೋಡುತ್ತಾರೆ, ಅಷ್ಟೆ.

ಚಳಿಗಾಲದ ರಜೆಗೆ ಊರಿಗೆ ಬಂದಿದ್ದೇನೆ. ಅಣ್ಣನ ಮನೆ ಮುಂದಿನ ಕಣದಲ್ಲಿ ಭತ್ತ ಒಣಗುತ್ತಿದೆ. ನಿನ್ನೆ ಅಪ್ಪ ಜಗುಲಿಯ ಮೇಲೆ ಕೂತು ಹೆಸರಿಡುವ ದಿನದ ಚಿತ್ರಗಳನ್ನು ನೋಡಿದರು. ನಗಾರಿಯ ಮುದುಕರ ಮುಖ ಬಂದಾಗ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು. "ಇವ್ರು ನಮ್ಮೋರೆ ಕಣವ್ವ" ಎಂದರು. ಆಮೇಲೆ ಪಕ್ಕದ ಮುಖಕ್ಕೆ ಬೆರಳು ತೋರಿಸಿ, "ಈ ಯಮ್ಮ ಯಾರು?" ಎಂದು ಕೇಳಿದರು.

"ಮನೆಯೋರು" ಎಂದೆ. ಮನೆ ಬಾಡಿಗೆಗೆ ಕೊಟ್ಟವರು ಎಂದು ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ಅಪ್ಪ ತಲೆಯಾಡಿಸಿ, "ತಿರ್ಗಾ ಯಾವಾಗ ಓಗ್ತೀಯೆ ಮನೆಗೆ?" ಎಂದರು.