ಹನ್ನೊಂದು ಸಲ ವಜೂ ಮಾಡುವ ಹುಡುಗಿಯ ತಾಯಿ

ದಮಿಯತ್ತಾ ಪಟ್ಟಣದ ನಮ್ಮ ಓಣಿಯಲ್ಲಿ ಗಂಡಸರೆಲ್ಲ ಮರಗೆಲಸದವರು. ಇನ್ಶಿರಾಹಳ ಗಂಡ ಶೌಕಿ ಮೇಸ್ತ್ರಿ ಕುರ್ಚಿಯ ಕಾಲು ಕೆತ್ತುತ್ತಿದ್ದ, ಬಿಡುವಾದಾಗ ಊರವರ ಕಾಲೆಳೆಯುತ್ತಿದ್ದ. ಹೆಸರಿಗೆ ತಕ್ಕ ಶೋಕಿ. ಶುಕ್ರವಾರ ಬಿಟ್ಟರೆ ಮಸೀದಿ ಕಡೆ ತಲೆ ಹಾಕಿದವನಲ್ಲ. ಇನ್ಶಿರಾಹ ಮನೆಯಲ್ಲೇ ಸೋಫಾ ಗವುಸು ಹೊಲಿಯುತ್ತಿದ್ದಳು. ಮಾತು ಕಡಿಮೆ, ಕಣ್ಣು ಚುರುಕು.

ಅವರ ಒಂಬತ್ತು ವರ್ಷದ ಮಗಳು ಬುಸೈನಾಗೆ ಕೋವಿಡ್ ಬಂದು ಐದು ದಿನ ಜ್ವರ ಕಾಯಿತು. ಜ್ವರ ಬಿಟ್ಟ ಎರಡು ವಾರಕ್ಕೆ, ಹುಡುಗಿ ಒಂದು ನಮಾಜಿಗೆ ಹನ್ನೊಂದು ಸಲ ವಜೂ ಮಾಡತೊಡಗಿದಳು. ಕೈ, ಬಾಯಿ, ಮುಖ, ಕಾಲು ತೊಳೆಯುವುದು, ಮತ್ತೆ ಕೈ. ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ.

ಓಣಿ ಬೆರಗಾಯಿತು. ಎದುರು ಮನೆಯ ನಾನೂ "ಮಾಷಾ ಅಲ್ಲಾ" ಅಂದವಳೇ. ಹೆಂಗಸರು ಮಕ್ಕಳನ್ನು ಕರೆತಂದು, "ನೋಡಿ ಕಲೀರಿ, ಕತ್ತೆಗಳಾ" ಎಂದು ತಲೆಗೆ ಮೊಟಕಿದರು. ಶೌಕಿಯನ್ನು ಕಂಡರೆ ಜನ ಎದ್ದು ನಿಂತು ಸಲಾಂ ಹೇಳತೊಡಗಿದರು. ಅವನು ಗಡ್ಡ ಬಿಟ್ಟ.

"ಬುಸೈನಾ ಅಪ್ಪ, ಕೂಸಿನ ಕೈ ಒಡೆದು ರಕ್ತ ಬರ್ತಿದೆ. ಬರೆಯೋಕಾಗ್ತಿಲ್ಲ, ಹಾಸಿಗೇಲಿ ಉಚ್ಚೆ ಹೊಯ್ಕೋತಾಳೆ. ಇದು ಭಕ್ತಿ ಅಲ್ಲ," ಅಂದಳು ಇನ್ಶಿರಾಹ.

"ನೀನೇನು ಧರ್ಮ ಹೇಳೋ ಮುಫ್ತಿನಾ? ಹೆತ್ತ ಮಗಳಿಗೇ ದೃಷ್ಟಿ ಹಾಕ್ತೀಯಲ್ಲೇ!"

"ಇಮಾಮರನ್ನೇ ಕೇಳ್ದೆ. ಒಂದು ಸಲ ಸಾಕು, ಡಾಕ್ಟರಿಗೆ ತೋರ್ಸಮ್ಮ ಅಂದ್ರು."

"ಅವ್ರಿಗೆ ಹೊಟ್ಟೆಕಿಚ್ಚು."

ಐದು ತಿಂಗಳು ಹೀಗೇ ಹೋಯಿತು. ಆಮೇಲೆ ಬುಸೈನಾ ಅನ್ನ ಕೊಳಕೆಂದು ನುಂಗುವುದನ್ನೇ ಬಿಟ್ಟಳು. ಇನ್ಶಿರಾಹ ಗಂಡನಿಗೆ ಹೇಳದೆ ಅವಳನ್ನು ಎತ್ತಿಕೊಂಡು ಮನ್ಸೂರಾದ ದೊಡ್ಡಾಸ್ಪತ್ರೆಗೆ ಬಸ್ಸು ಹತ್ತಿದಳು, ಜೊತೆಗೆ ನಾನಿದ್ದೆ.

"ವೈರಸ್ ಹೋಯ್ತು ತಾಯಿ, ಅದನ್ನ ಓಡಿಸೋಕೆ ಎದ್ದ ಮೈ ಇನ್ನೂ ಸುಮ್ಮನಾಗಿಲ್ಲ. ಮಿದುಳಲ್ಲಿ ಉರಿಯೂತ ಇರೋ ಹಾಗಿದೆ, ಅದಕ್ಕೇ ಈ ತೊಳೆಯೋ ಗೀಳು," ಎಂದರು ಡಾಕ್ಟರು. "ಎಲ್ಲಿದ್ರಿ ಇಷ್ಟು ದಿನ?"

"ಮಗಳನ್ನ ನೋಡೋಕೆ ಬಂದೋರಿಗೆ ಚಹಾ ಮಾಡ್ತಿದ್ದೆ, ಡಾಕ್ಟ್ರೇ."

ಆ ಚಹಾ ಕುಡಿದವರಲ್ಲಿ ನಾನೂ ಒಬ್ಬಳು; ಗೋಡೆ ನೋಡಿದೆ.

ಔಷಧಿ ಹಿಡಿಯಿತು. ಹುಡುಗಿ ಉಣ್ಣತೊಡಗಿದಳು; ಹನ್ನೊಂದು ಎರಡಕ್ಕಿಳಿಯಿತು. ಬರೆದ ಅಕ್ಷರಗಳು ಮಾತ್ರ ಇನ್ನೂ ಇರುವೆ ಸಾಲಿನಂತೆ ಚದುರುತ್ತವೆ. ಮೊದಲಿನ ಬರವಣಿಗೆ ಎಷ್ಟು ಮರಳೀತೋ ಡಾಕ್ಟರೂ ಹೇಳರು. ಓಣಿಯ ತೀರ್ಪು ಬೇರೆ: ತಾಯಿಯೇ ಮಾತ್ರೆ ನುಂಗಿಸಿ ಮಗಳ ಈಮಾನು, ದೇವರ ಮೇಲಿನ ನಂಬಿಕೆ ಕೆಡಿಸಿದಳು.

ಹೋದ ಗುರುವಾರ ಪೋರ್ಟ್ ಸೈದಿನಿಂದ ಶೌಕಿಯ ನೆಂಟರು ಬಂದರು. "ಬಾ ಪುಟ್ಟಿ, ಮಾವಂದಿರಿಗೆ ನಿನ್ನ ವಜೂ ತೋರ್ಸು," ಅಂದ ಅವನು. ಹುಡುಗಿ ಎದ್ದಳು. ಒಂದಾಯಿತು, ಎರಡಾಯಿತು, ಮೂರಕ್ಕೆ ತೋಳೇರಿಸಿದಳು. ಇನ್ಶಿರಾಹ ಹೊರಗೆ ಬಂದು ನೀರಿನ ಮೀಟರಿನ ಪಕ್ಕದ ಗೇಟ್‌ವಾಲ್ವ್ ತಿರುಗಿಸಿ ಮನೆಯ ನೀರನ್ನೇ ನಿಲ್ಲಿಸಿದಳು.

"ನೆಂಟರ ಮುಂದೆ ಮಾನ ಕಳೆದ್ಯಲ್ಲೇ!"

"ನಿಮ್ಮ ಮಾನ ನೀವೇ ತೊಳ್ಕೊಳ್ಳಿ. ಅದಕ್ಕೆ ಅವಳ ಕೈ ಸಿಗಲ್ಲ."

ಒಳಗೆ ಬುಸೈನಾ, ಮೂರನೆಯದು ಅರ್ಧಕ್ಕೇ ನಿಂತಿತೆಂದು, ಒಣ ನಲ್ಲಿಯನ್ನು ಹಿಡಿದು ಚೀರುತ್ತಿದ್ದಳು. ನೆಂಟರು ಚಪ್ಪಲಿ ಹುಡುಕಿದರು.