ಹೆಣ್ಣಿನ ಊರಿನ ರಿಜಿಸ್ಟರ್

ಡಾಕ್ಟರ್ ಅಂಕಲ್ ಅವರ ಬಲಗೈ ತೋರುಬೆರಳಿಗೆ ಅರ್ಧ ಉಗುರು ಇರಲಿಲ್ಲ. ಆ ಮೊಂಡು ಬೆರಳನ್ನು ಲ್ಯಾಪ್‌ಟಾಪ್ ಪರದೆಗೆ ತಾಗಿಸದೆ ಸಾಲಿನಿಂದ ಸಾಲಿಗೆ ಇಳಿಸುತ್ತ ಇಂಗ್ಲೆಂಡಿನ ಹಳೇ ಚರ್ಚುಗಳ ಮದುವೆ ರಿಜಿಸ್ಟರ್ ಓದುತ್ತಿದ್ದರು. ಅಮೆರಿಕದ ಹರ್ನ್‌ಡನ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಧಾರವಾಡದಿಂದ ಬಂದು ಇಲ್ಲೇ ವೈದ್ಯರಾಗಿ ನಿವೃತ್ತರಾದವರು, ಆಂಟಿ ಅಮೆರಿಕದವರೇ.

ಹುಡುಕಾಟ ಆಂಟಿಗಾಗಿ; ನಾನೂ ಜೊತೆಗೆ ಕೂತು ಹುಡುಕುತ್ತಿದ್ದೆ. ಆಂಟಿಯ ಮುತ್ತಜ್ಜಿ ಇಂಗ್ಲೆಂಡಿನಿಂದ ಕೈಗೂಸಿನೊಂದಿಗೆ ಒಬ್ಬಳೇ ಬಂದು ಹಡಗಿನಿಂದ ಇಳಿದವಳು. ಗಂಡ ಸತ್ತ ಎಂದಳು, ಊರು ನಂಬಲಿಲ್ಲ. ಮದುವೆಯೇ ಆಗಿರಲಿಲ್ಲವೆಂಬ ಮಾತು ತಲೆಮಾರುಗಳಿಗೆ ಅಂಟಿಕೊಂಡು ಬಂತು. ಆಂಟಿಯ ತಾಯಿ ಅದೇ ಕೊರಗಿನಲ್ಲಿ ಹೋದರು. ಈಗ, ಕೋವಿಡ್ ಕಾಲದಲ್ಲಿ, ಆಂಟಿಗೆ ಹೃದಯದ ಆಪರೇಷನ್. ಅಷ್ಟರೊಳಗೆ ನಿಜ ತಿಳಿಯಬೇಕೆಂದಿದ್ದರು. ಗಂಡನಿಂದ ಕಲಿತ ಕನ್ನಡದಲ್ಲಿ ದಿನಾ ಕೇಳುವರು: "ಸಿಕ್ತೇನ್ರೀ?"

ಆಪರೇಷನ್‌ಗೆ ಮೂರು ದಿನ ಉಳಿದಿದ್ದಾಗ, ಮುತ್ತಜ್ಜಿ ಗಂಡನೆಂದವನ ಊರಿನ ಚರ್ಚ್ ಪುಸ್ತಕದಲ್ಲಿ ಇಬ್ಬರ ಹೆಸರೂ ಕಂಡವು. ನಾನು ಕುಣಿದಾಡಿದೆ. ಅಂಕಲ್ ತಲೆಯಾಡಿಸಿದರು.

"ಇದು ಮದವಿ ಅಲ್ಲವ್ವಾ. ಮದವಿಗೆ ಮೊದಲ ಮೂರು ಸಂಡೇ ಚರ್ಚಿನ್ಯಾಗ ಹೆಸರು ಓದಿ, ಯಾರದರ ತಕರಾರು ಅದ ಏನು ಅಂತ ಕೇಳ್ತಿದ್ರು. ಅಷ್ಟ ಇದು."

ಅದೇ ಊರಿನ ಮದುವೆ ರಿಜಿಸ್ಟರಿನಲ್ಲಿ ಎಷ್ಟು ತಡಕಿದರೂ ಇಲ್ಲ. ನನಗೋ ತಾಳ್ಮೆ ಕಡಿಮೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ಅಂಕಲ್. ನಮ್ದು ಒಂದೇ ಸುಳ್ಳು. ಇದನ್ನೇ ತೋರ್ಸಿ ಮದುವೆ ಆಗಿದೆ ಅಂದ್ಬಿಡಿ. ಆಂಟಿ ನೆಮ್ಮದಿಯಾಗಿ ಸರ್ಜರಿಗೆ ಹೋಗ್ಲಿ."

ಅವರು ಕನ್ನಡಕ ತೆಗೆದರು. "ಕಾಣದ್ದನ್ನ ಹೇಳಿ ಮಂದಿ ಆಕಿ ಮಾನ ಕಳದ್ರು. ನಾವೂ ಕಾಣದ್ದನ್ನ ಹೇಳೂಣೇನು?"

ಆಂಟಿಗೂ "ಇನ್ನೂ ಇಲ್ಲ" ಎಂದೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ಆಪರೇಷನ್ ದಿನ ಆಸ್ಪತ್ರೆಯೊಳಗೆ ಜೊತೆಗೆ ಒಬ್ಬರಿಗಷ್ಟೇ ಪ್ರವೇಶ. ಕಾರಿನಿಂದ ಇಳಿಯುತ್ತಿದ್ದ ಅಂಕಲ್ ತಟ್ಟನೆ ನಿಂತರು. "ನಮ್ಮ ವಂಶಾವಳಿಯಾಗ ಬರೇ ಗಂಡಸರ ಹೆಸರು. ಅದ ಚಾಳಿಗೆ ಗಂಡಿನ ಊರಾಗ ಹುಡುಕೀವಿ. ಮದವಿ ಆಗೂದು ಹೆಣ್ಣಿನ ಊರಾಗ ಅಲ್ಲೇನು? ಅಲ್ಲೆ ನೋಡವ್ವಾ."

ಮೊದಲು ಸಿಕ್ಕಿದ್ದ ಆ ಸಾಲಿನಲ್ಲೇ ಹುಡುಗಿಯ ಊರೂ ಬರೆದಿತ್ತು. ನಾವಿಬ್ಬರೂ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹತ್ತಕ್ಕೆ ಆಂಟಿಯನ್ನು ಒಳಗೆ ಕರೆದೊಯ್ಯುವವರಿದ್ದರು. ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಕೂತು, ಲ್ಯಾಪ್‌ಟಾಪ್‌ನಲ್ಲಿ ಪುಟದ ಮೇಲೆ ಪುಟ ತಿರುವಿದೆ. ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಕಂಡಿತು. ತಕ್ಷಣ ಅಂಕಲ್‌ಗೆ ಫೋನ್ ಮಾಡಿದೆ.

"ಸಾಲು ಪೂರಾ ಓದು," ಎಂದರು.

ಹೆಸರುಗಳು, ಊರುಗಳು ಎಲ್ಲ ತಾಳೆಯಾದವು. ಹುಡುಗಿಗೆ ಬರೆಯಲು ಬರುತ್ತಿರಲಿಲ್ಲ; ಸಹಿಯ ಜಾಗದಲ್ಲಿ ಒಂದು ಇಂಟು ಗುರುತು.

"ಪಾದ್ರಿ ಸಹಿ ಅದ ಏನು?"

"ಇದೆ ಅಂಕಲ್."

ಆಮೇಲೆ ಅವರು ಆಂಟಿಗೆ "ಸಿಕ್ತು" ಅಂದದ್ದು ಕೇಳಿಸಿತು. ಆಂಟಿ ಅತ್ತರೋ ನಕ್ಕರೋ ತಿಳಿಯಲಿಲ್ಲ. ನಾನಂತೂ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ.

ಆಂಟಿ ಉಳಿದರು. ಮುಂದಿನ ಚಳಿಗಾಲದಲ್ಲಿ ಹೋದವರು ಅಂಕಲ್.

ತಿಂಗಳಾದ ಮೇಲೆ ಆಂಟಿ ನನ್ನನ್ನು ಕರೆದು, ಅಂಕಲ್ ಮನೆತನದ ವಂಶಾವಳಿ ಹಾಳೆ ಹರಡಿದರು. "ಓದು, ಪ್ಲೀಸ್. ನನಗ ಕನ್ನಡ ರೀಡಿಂಗ್ ಬರೂದಿಲ್ಲ." ಏಳು ತಲೆಮಾರು, ಬರೀ ಗಂಡಸರು. ಕೊನೆಗೆ ಅಂಕಲ್ ಹೆಸರು. ಅದರ ಪಕ್ಕದಲ್ಲಿ ಅವರದೇ ಕೈಬರಹದಲ್ಲಿ ಆಂಟಿ, ಆಂಟಿಯ ತಾಯಿ, ಅಜ್ಜಿ, ಮುತ್ತಜ್ಜಿ. ಒಂದೊಂದೇ ಓದಿ ಹೇಳಿದೆ. ಅಂಕಲ್ ಬಾಯಿಂದ ಹೇಳಿಸಲು ಹೊರಟಿದ್ದ ಆ ಸುಳ್ಳು ನೆನಪಾಯಿತು.

ಮುತ್ತಜ್ಜಿಯ ಹೆಸರಿನ ಮುಂದೆ ಅಂಕಲ್ ಆ ಇಂಟು ಗುರುತನ್ನೂ ಹಾಕಿದ್ದರು. ಅದನ್ನು ನಾನು ಓದಿ ಹೇಳಬೇಕಾಗಲಿಲ್ಲ. ಆಂಟಿ ಆಗಲೇ ಅದರ ಮೇಲೆ ಬೆರಳಿಟ್ಟು ಕೂತಿದ್ದರು.