ಮೂಲೆ ಹರಿದ ಲಕೋಟೆ

ನನ್ನ ತಮ್ಮ ವಿಮಾನ ನಡೆಸುತ್ತಾನೆ ಎಂದರೆ ಯಾದಗಿರಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬಬೇಕಾದ ದರ್ದು ಅವರಿಗೂ ಇರಲಿಲ್ಲ ಬಿಡಿ, ನಮ್ಮ ಓಣಿಯಲ್ಲಿ ಸೈಕಲ್ ಇದ್ದದ್ದೇ ಎರಡು ಮನೆಯಲ್ಲಿ. "ನಿನ್ನ ಮಗ ಹೈದ್ರಾಬಾದಿನಾಗ ಏನ್ ಮಾಡ್ತಾನಬೇ?" ಎಂದು ಕೇಳಿದವರಿಗೆ ಅವ್ವ "ಮೋಟಾರ್ ರಿಪೇರಿ" ಎನ್ನುತ್ತಿದ್ದಳು. ವಿಮಾನ ಎಂದರೆ ದೃಷ್ಟಿ ತಾಗುತ್ತದೆ ಎಂದು ಅವಳ ಹೆದರಿಕೆ.

ಶುರುವಾದದ್ದು ರಿಪೇರಿಯಿಂದಲೇ. ನಿಜಾಮನ ರಾಜ್ಯ ಭಾರತದಲ್ಲಿ ಸೇರಿ ಎಲ್ಲ ತಲೆಕೆಳಗಾಗಿದ್ದ ಕಾಲ ಅದು. ಉರ್ದುವಿನಲ್ಲೇ ನಡೆಯುತ್ತಿದ್ದ ಕಚೇರಿಗಳು ಇಂಗ್ಲಿಷಿಗೆ ಹೊರಳಿದವು. ಉರ್ದು ಓದಿದ್ದ ತಮ್ಮನಿಗೆ ಕಚೇರಿಯ ಬಾಗಿಲು ಮುಚ್ಚಿತು, ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕರ ಕೈಕೆಳಗೆ ಕೆಲಸ ಸಿಕ್ಕಿತು. ಎಣ್ಣೆ ಒರೆಸುತ್ತ ಒರೆಸುತ್ತಲೇ ಅಲ್ಲಿನ ಫ್ಲೈಯಿಂಗ್ ಕ್ಲಬ್ಬಿನವರ ಕಣ್ಣಿಗೆ ಬಿದ್ದು, ಹಾರಲು ಕಲಿತು, ಲೈಸೆನ್ಸನ್ನೂ ಪಡೆದ. ನಾನು ಅವನಿಗಿಂತ ಐದು ವರ್ಷ ದೊಡ್ಡವಳು. ಗುಲ್ಬರ್ಗದಲ್ಲಿ ಓದಿ, ಅಷ್ಟಿಷ್ಟು ಇಂಗ್ಲಿಷ್ ಕಲಿತು, ಯಾದಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿದ್ದೆ. ಮನೆಯಲ್ಲಿ ಇದ್ದದ್ದು ಅವ್ವ, ನಾನು, ನಾಲ್ಕು ಆಡು.

ಅವ್ವನಿಗೆ ಕಾಗದವೆಂದರೆ ಭಯ. ಅದಕ್ಕೆ ಕಾರಣವೂ ಇತ್ತು. ನಮ್ಮ ಸೀಮೆಯಲ್ಲಿ ಸಾವಿನ ಸುದ್ದಿ ಬರೆದ ಕಾಗದದ ಒಂದು ಮೂಲೆ ಹರಿದಿರುತ್ತಾರೆ. ಕಂಡ ಕೂಡಲೆ ತಿಳಿಯಲಿ ಎಂದು. ಅಂಥ ಕಾಗದ ಹೊಸ್ತಿಲು ದಾಟಬಾರದು. ಅಂಗಳದಲ್ಲೇ ಓದಿ, ಅಲ್ಲೇ ಹರಿದು ಹಾಕಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ರಜಾಕಾರರ ಗಲಾಟೆಯಲ್ಲಿ ಕೊಂಕಲ್ಲಿನ ನಮ್ಮ ಸೋದರಮಾವ ಸತ್ತಾಗ ಅಂಥದೊಂದು ಕಾರ್ಡು ಬಂದಿತ್ತು. ಹೊರಗೆ ನಿಲ್ಲಲು ಹೆದರುವಂಥ ದಿನಗಳು. ಅವ್ವ ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಂದಳು. ತಿಂಗಳೊಪ್ಪತ್ತಿನಲ್ಲಿ ಅಪ್ಪ ಜ್ವರ ಬಂದು ತೀರಿಕೊಂಡ. ಜ್ವರಕ್ಕೂ ಕಾರ್ಡಿಗೂ ಸಂಬಂಧವಿಲ್ಲ ಎಂದು ಅವಳಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ತಮ್ಮನ ಲೈಸೆನ್ಸು ನೆಲ ಕಾಣುವ ಚೊಕ್ಕ ಆಕಾಶಕ್ಕೆ ಮಾತ್ರ. ಟಪಾಲನ್ನೋ ಮಂದಿಯನ್ನೋ ಹೊತ್ತು ಹಾರಬೇಕಾದರೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು. ಎಂದರೆ ಹೊರಗೆ ಏನೂ ಕಾಣದಿದ್ದಾಗ ಮುಂದಿನ ಗಡಿಯಾರದಂಥ ಮುಳ್ಳುಗಳನ್ನಷ್ಟೇ ನೋಡಿ ವಿಮಾನ ನಡೆಸುವ ವಿದ್ಯೆ. ಇಲ್ಲಿ ಅದನ್ನು ಕಲಿಯಲು ಕಾದವರ ಸಾಲು ಉದ್ದವಿತ್ತು. ಹೈದರಾಬಾದಿನ ಒಂದು ಧರ್ಮನಿಧಿಯವರು ಒಬ್ಬನನ್ನು ವಿಲಾಯಿತಿಗೆ ಕಳಿಸಲು ಒಪ್ಪಿದರು. ಶಾಲೆ ನಾವೇ ಆರಿಸಬೇಕು, ಸೀಟು ಕೊಡುತ್ತೇವೆಂಬ ಶಾಲೆಯ ಪತ್ರ ದೀಪಾವಳಿಯೊಳಗೆ ಅವರ ಕೈ ಸೇರಬೇಕು, ತಪ್ಪಿದರೆ ಅವಕಾಶ ಮತ್ತೊಬ್ಬನಿಗೆ. ತಮ್ಮ ಎರಡು ಶಾಲೆಗಳ ಪುಸ್ತಿಕೆ ಹಿಡಿದುಕೊಂಡು ಊರಿಗೆ ಬಂದ.

ಪಡಸಾಲೆಯಲ್ಲಿ ಚಾಪೆ ಹಾಸಿ ಎರಡನ್ನೂ ಹರಡಿ ಕುಳಿತೆವು. ಒಂದು ಶಾಲೆ ದಕ್ಷಿಣದ ಸಮುದ್ರದ ದಂಡೆಯದು. ಬಣ್ಣದ ಚಿತ್ರ, ನಗುವ ಹುಡುಗರು, ಬೇಗ ಮುಗಿಯುವ ಪಾಠ, ವರ್ಷವಿಡೀ ಒಳ್ಳೆಯ ಬಿಸಿಲು ಎಂಬ ಮಾತು. ಇನ್ನೊಂದು ಉತ್ತರದ ಯಾವುದೋ ಮಂಜು ಕವಿದ ಊರಿನದು. ಚಿತ್ರವೇ ಇಲ್ಲ. ಮೇಲೆ ಎರಡು ರೆಕ್ಕೆಯ ಒಂದು ನೀಲಿ ಮುದ್ರೆ, ಕೆಳಗೆ ಬರೀ ಪ್ರಶ್ನೆಗಳು: ಎಷ್ಟು ಹೊತ್ತು ಹಾರಿದ್ದೀರಿ, ಯಾವ ವಿಮಾನದಲ್ಲಿ, ಸಹಿ ಮಾಡಿದವರು ಯಾರು. ಕಲಿಸುವುದು ನಿಜವಾದ ಮೋಡದಲ್ಲಿ, ತಡವಾದರೆ ತಡವಾಗಲಿ ಎಂದೂ ಬರೆದಿದ್ದರು. ಓದಿದರೆ ನನ್ನ ಶಾಲೆಯ ಮುಖ್ಯೋಪಾಧ್ಯಾಯಿನಿಯ ಗಂಟುಮುಖ ನೆನಪಾಗುತ್ತಿತ್ತು.

"ಈ ಬಿಸಲಿಂದು ಛಲೋ ಕಾಣ್ತದಲ್ಲೋ," ಎಂದೆ.

ತಮ್ಮ ನಕ್ಕ. "ಮೋಡ ಕಲಿಯಾಕ ಬಿಸಲಾಗ ಹೋಗ್ತಾರೇನಕ್ಕ? ನೀರಿಲ್ಲದ ಬಾವ್ಯಾಗ ಈಜ ಕಲಿಸಿದಂಗಾತು."

"ಅಲ್ಲೋ, ಮುಳ್ಳ ನೋಡಾಕ ಮೋಡ ಯಾಕ ಬೇಕು?"

"ಮೋಡದಾಗ ಹೊಕ್ಕರ ಮೈ ಸುಳ್ಳ ಹೇಳ್ತದಕ್ಕ. ವಿಮಾನ ವಾಲಿರ್ತದ, ಮೈ ಮಾತ್ರ ನಾ ನೆಟ್ಟಗ ಕುಂತೀನಿ ಅಂತದ. ಆವಾಗ ಮೈ ಮಾತ ಕೇಳಿದವ ಸತ್ತ. ಮುಳ್ಳಿನ ಮಾತ ಕೇಳಬೇಕು. ಅದು ಪುಸ್ತಕದಾಗ ಬರಂಗಿಲ್ಲ, ಒಮ್ಮಿ ಹೆದರೇ ಕಲೀಬೇಕು."

ಹೀಗೆ ಮಂಜಿನ ಶಾಲೆಯೆಂದು ಗಟ್ಟಿಯಾಯಿತು. ಅವನ ಇಂಗ್ಲಿಷ್ ಕಷ್ಟದ್ದು, ಅರ್ಜಿ ನಾನೇ ಬರೆದೆ. ಯಾವುದಕ್ಕೂ ಇರಲಿ ಎಂದು ಬಿಸಿಲಿನ ಶಾಲೆಗೂ ಒಂದು ಬರೆದು ಹಾಕಿದೆ. ಉತ್ತರಗಳು ನನ್ನ ಹೆಸರಿಗೆ ಯಾದಗಿರಿಗೇ ಬರಬೇಕು. ಅವ್ವನಿಗೆ ಒತ್ತಿ ಒತ್ತಿ ಹೇಳಿದೆ: "ನೀಲಿ ಕಾಗದ ಬರ್ತದ, ಅಂಚಿಗೆ ಕೆಂಪು ಪಟ್ಟಿ ಇರ್ತಾವ. ಬಂದ್ರ ದೇವರ ಜಗಲಿ ಮ್ಯಾಲ ಇಡು." ನೋಡಿ, ಬುದ್ಧಿವಂತೆ ನಾನು! ವಿಲಾಯಿತಿಯ ಕಾಗದವೆಂದರೆ ನೀಲಿಯೇ ಎಂದು ಎರಡು ಕಾಗದ ಕಂಡವಳ ಧಿಮಾಕಿನಲ್ಲಿ ಹೇಳಿದ್ದೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ತರಗತಿಯಲ್ಲಿ ನಾನು ರಟ್ಟಿನ ಮೇಲೆ ಒಂದು ದೊಡ್ಡ ಜಗತ್ತಿನ ನಕಾಶೆ ಬರೆದು ಗೋಡೆಗೆ ತೂಗುಹಾಕಿದ್ದೆ. ಯಾವ ದೇಶದ ಅಂಚೆಚೀಟಿ ಸಿಕ್ಕರೂ ಆ ದೇಶದ ಮೇಲೆ ಗಂಜಿಯಿಂದ ಅಂಟಿಸುವುದು. ಭೀಮಾ ನದಿ ದಾಟದ ಹುಡುಗಿಯರಿಗೆ ಜಗತ್ತು ತೋರಿಸಲು ನನಗೆ ತಿಳಿದ ದಾರಿ ಅದೊಂದೇ. ಊರಿನಲ್ಲಿ ಒಬ್ಬ ಬಿಳಿ ಡಾಕ್ಟರಮ್ಮ ಇದ್ದಳು, ಅವಳಿಗೆ ಎಲ್ಲೆಲ್ಲಿಂದಲೋ ಕಾಗದ ಬರುತ್ತಿದ್ದವು. ಅವಳ ಒಪ್ಪಿಗೆ ಪಡೆದು, ಟಪಾಲು ಹಂಚುವ ಮುದುಕ ಚಾಚಾನಿಗೆ ಗಂಟು ಬಿದ್ದಿದ್ದೆ. "ಚಾಚಾ, ಪರದೇಶದ ಚೀಟಿ ಕಂಡ್ರ ನನಗ ಹರಕೊಂಡು ಬರ್ರಿ." ಅವನು ತಲೆಯಾಡಿಸಿ, "ಜರೂರ್ ಅಕ್ಕೋರೆ, ನಿಮ್ಮ ಅಮಾನತ್ ನನ್ನ ಕಡಿ ಜೋಪಾನ ಇರ್ತದ" ಎನ್ನುತ್ತಿದ್ದ. ತಿಂಗಳಿಗೊಮ್ಮೆ ಪುಡಿಕೆ ಕಟ್ಟಿ ಶಾಲೆಗೇ ತಂದು ಕೊಡುತ್ತಿದ್ದ.

ಅರ್ಜಿ ಹಾಕಿ ಕಾಯುತ್ತಿದ್ದಾಗ ಶಿಕ್ಷಕರ ತರಬೇತಿಯೆಂದು ನನ್ನನ್ನು ಎಂಟು ದಿನ ಸುರಪುರಕ್ಕೆ ಕಳಿಸಿದರು. ಕನ್ನಡದಲ್ಲಿ ಹಾಜರಿ ಬರೆಯುವುದು ಹೇಗೆಂದು ಕಲಿಸುವ ತರಬೇತಿ! ಶಹಾಪುರದಲ್ಲಿ ಬಸ್ಸು ಕೆಟ್ಟು ಅರ್ಧ ದಿನ ಕೂಡಿಸಿತು. ನಾನು ಹೊರಟ ಮೂರನೆಯ ದಿನ ತಮ್ಮ ಸುಮ್ಮನೆ ಮನೆಗೆ ಬಂದು ಅವ್ವನ ಕೈಯ ರೊಟ್ಟಿ ತಿಂದು ಹೋಗಿದ್ದನಂತೆ. ನಾನು ತಿರುಗಿ ಬಂದಾಗ ಅಂಗಳವೆಲ್ಲ ಸೆಗಣಿಯಿಂದ ಸಾರಿಸಿತ್ತು. ಅವ್ವ ಎಂದೂ ಇಲ್ಲದಷ್ಟು ಗೆಲುವಾಗಿದ್ದಳು.

"ಕಾಗದ ಬಂತೇನವ್ವ?"

"ನಿನ್ನ ನೀಲಿ ಕಾಗದ ಬಂದಿಲ್ಲ," ಎಂದಳು. ಸುಳ್ಳೇನೂ ಹೇಳಲಿಲ್ಲ.

ಮರುದಿನ ಚಾಚಾ ಪುಡಿಕೆ ಕೊಟ್ಟ. ಒಳಗೆ ಮೂರು ನಾಲ್ಕು ಚೀಟಿ, ಅದರಲ್ಲಿ ರಾಣಿಯ ಮುಖದ್ದು ಒಂದು, ಹಿಂದೆ ದಪ್ಪ ಬಿಳಿ ಲಕೋಟೆಯ ಚೂರು ಕಚ್ಚಿಕೊಂಡೇ ಇತ್ತು. ಡಾಕ್ಟರಮ್ಮನದು ಎಂದುಕೊಂಡೆ. ಮಕ್ಕಳು ಗಲಾಟೆ ಮಾಡುತ್ತಿದ್ದರು. ಗಂಜಿ ಸವರಿ ವಿಲಾಯಿತಿಯ ಮೇಲೆ ಒತ್ತಿದೆ.

ಬಿಸಿಲಿನ ಶಾಲೆಯಿಂದ ಉತ್ತರ ಬಂತು, ನೀಲಿ ಕಾಗದವೇ. ಬನ್ನಿ, ಸೀಟು ಇದೆ ಎಂದು. ಮಂಜಿನ ಶಾಲೆಯಿಂದ ಏನೂ ಇಲ್ಲ. ದೀಪಾವಳಿ ಹತ್ತಿರ ಬಂದಂತೆ ತಮ್ಮ ಮತ್ತೆ ಬಂದ, ಗಡ್ಡ ಬಿಟ್ಟಿದ್ದ.

"ಇನ್ನೊಮ್ಮಿ ಬರಿ ಅಕ್ಕ. ತಾರ ಕೊಟ್ಟರೂ ಆತು."

ನನಗೆ ಸಿಟ್ಟು ನೆತ್ತಿಗೇರಿತ್ತು. "ಒಮ್ಮಿ ಬರದವರಿಗೆ ಉತ್ತರ ಕೊಡದವರ ಬಾಗಿಲಿಗಿ ಮತ್ತ ಹೋಗೋದೇನೋ? ಅವರು ಬಿಳಿಯರಂತ ನಾವು ಕಾಲ ಹಿಡಿಬೇಕೇನು? ಆ ಕಾಲ ಹೋತು. ಕರದವರ ಮನಿಗಿ ಹೋಗು."

ಅವನು ಸ್ವಲ್ಪ ಹೊತ್ತು ಆ ಎರಡು ರೆಕ್ಕೆಯ ಪುಸ್ತಿಕೆಯನ್ನು ತಿರುವಿ ಹಾಕುತ್ತ ಕುಳಿತ. ಆಮೇಲೆ, "ನೀ ಹೇಳಿದಂಗ ಆಗಲಿ" ಎಂದ. ಚಿಕ್ಕಂದಿನಿಂದ ಅವನಿಗೆ ಅಕ್ಕ ಹೇಳಿದ್ದೇ ಮಾತು. ಒಂದೇ ಒಂದು ಸಲ ನನ್ನ ಮಾತು ಮೀರಿದ್ದರೆ ಏನಾಗುತ್ತಿತ್ತು ಪುಣ್ಯಾತ್ಮ ಎಂದು ಈಗಲೂ ಅವನ ಮೇಲೇ ಸಿಟ್ಟು ಬರುತ್ತದೆ.

ಹೋದ, ಕಲಿತ, ಬೇಗನೇ ಬಂದ. ಕೈಯಲ್ಲಿ ರೇಟಿಂಗಿನ ಕಾಗದವಿತ್ತು. ಓಣಿಗೆಲ್ಲ ಸಕ್ಕರೆ ಹಂಚಿದೆವು. ಆಗ ಅವ್ವನೂ "ನನ್ನ ಮಗ ವಿಮಾನ ಹೊಡಿತಾನ" ಎಂದು ಮೊದಲ ಸಲ ಬಾಯಿಬಿಟ್ಟಳು. ಊಟಕ್ಕೆ ಕುಳಿತಾಗ ನಾನು ಕೇಳಿದೆ, "ಮೋಡ ಹ್ಯಾಂಗಿತ್ತೋ?"

"ಮೋಡ ಎಲ್ಲಿದ್ದುವಕ್ಕ?" ಎಂದ, ಪುಂಡಿಪಲ್ಲೆ ಕಲೆಸುತ್ತ. "ಹೊರಗ ಕಾಣದಂಗ ಕಣ್ಣಿಗಿ ಮರಿ ಕಟ್ಟಿ ಮುಳ್ಳ ನೋಡಿಸ್ತಿದ್ರು. ಮರಿ ಸಂದ್ಯಾಗಿಂದ ಬಿಸಲು ಬರ್ತಿತ್ತು. ಬಿಸಲು ಯಾವ ಕಡಿ ಅದ ಅಂತ ತಿಳದ್ರ ಮೈ ಸುಳ್ಳ ಹೇಳಂಗಿಲ್ಲ. ಪಾಸ್ ಆದೆ." ನಕ್ಕ. ನಾನೂ ನಕ್ಕೆ. ಅವನ ತಾಟಿಗೆ ಮತ್ತೊಂದು ರೊಟ್ಟಿ ಹಾಕಿದೆ.

ತಿರುಗಿ ಬಂದ ಮೇಲಿನ ಮೂರನೆಯ ಮಳೆಗಾಲ. ಅವನು ದೂರದ ಬೆಟ್ಟಸೀಮೆಯೊಂದರಲ್ಲಿ ಟಪಾಲು ವಿಮಾನ ನಡೆಸುತ್ತಿದ್ದ. ಮೋಡದಲ್ಲಿ ಹೊಕ್ಕ ವಿಮಾನ ಹೊರಗೆ ಬರಲಿಲ್ಲ. ಎಂಟು ದಿನದ ಮೇಲೆ ಗುಡ್ಡದ ಓರೆಯಲ್ಲಿ ಸಿಕ್ಕಿತು. ಯಂತ್ರ ಕೆಟ್ಟಿತ್ತೋ, ಅವನು ಮೈ ಮಾತು ಕೇಳಿದನೋ, ಯಾರೂ ನಮಗೆ ಹೇಳಲಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ. ಹೆಣ ಊರಿಗೆ ಬರಲಿಲ್ಲ.

ತಾರು ಬಂದಾಗ ನಾನು ಶಾಲೆಯಲ್ಲಿದ್ದೆ. ಅದರ ನಾಲ್ಕೂ ಮೂಲೆ ಸರಿಯಾಗಿದ್ದವು. ಹಾಗಾಗಿ ಅವ್ವ ಅದನ್ನು ತಾನೇ ಒಳಗೆ ಒಯ್ದು ದೇವರ ಜಗಲಿಯ ಮೇಲೆ ಇಟ್ಟು, ಮಗನಿಂದ ಏನೋ ಸುದ್ದಿ ಬಂದಿದೆಯೆಂದು ನನ್ನ ದಾರಿ ಕಾಯುತ್ತಿದ್ದಳು. ಓದಿ ಹೇಳಿದವಳು ನಾನೇ.

ದಿನಗಳ ಕಾರ್ಯ ಮುಗಿದು ಬಂದವರೆಲ್ಲ ಹೋದ ಮೇಲೆ ಅವ್ವ ಆಡುಗಳಿಗೆ ಸೊಪ್ಪು ಹಾಕುತ್ತ, ಯಾರಿಗೋ ಎಂಬಂತೆ ಹೇಳಿದಳು. "ಸಾವು ಆವತ್ತೇ ಬಂದಿತ್ತು. ನಾ ಒಳಗ ಬಿಡಲಿಲ್ಲ."

"ಯಾವತ್ತು?"

"ನೀ ಸುರಪುರಕ್ಕ ಹೋಗಿದ್ದಿ ನೋಡು. ಬಿಳಿ ಕಾಗದ ಬಂದಿತ್ತು, ದಪ್ಪಂದು. ಮೂಲಿ ಹರಿದಿತ್ತು. ಚಾಚಾ ಕಟ್ಟಿ ಮ್ಯಾಲ ಇಟ್ಟು ಹೋದ."

"ಓದಿಸಲಿಲ್ಲೇನವ್ವ?"

"ಓದಿದ್ರ ಖರೇ ಆಗ್ತದ. ಓದಿಸದನ ಅಂಗಳದಾಗ ಹರಿದು ಸುಟ್ಟೆ. ತಲಿಗಿ ನೀರ ಹಾಕ್ಕೊಂಡೆ, ಅಂಗಳ ಸಾರಿಸಿದೆ. ಬಾಯಿ ಬಿಟ್ಟು ಹೇಳಿದ್ರ ತಿರುಗಿ ಬರ್ತದಂತ ನಿನಗೂ ಹೇಳಲಿಲ್ಲ. ಮರುದಿನ ನನ್ನ ಕೂಸು ನಕ್ಕೋತ ಬಾಗಿಲಿಗಿ ಬಂದು ನಿಂತ. ನನಗ ಆಗ ತಿಳಿತು, ಬಂದದ್ದು ಯಾರಿಗಂತ."

ಚಾಚಾ ಆ ವೇಳೆಗೆ ತೀರಿಕೊಂಡಿದ್ದ. ಅವನನ್ನು ಕೇಳುವ ಅಗತ್ಯವೂ ಇರಲಿಲ್ಲ. ಮರುದಿನ ಮಕ್ಕಳು ಬರುವ ಮೊದಲೇ ಶಾಲೆಗೆ ಹೋಗಿ ಬಾಗಿಲು ತೆಗೆದೆ. ನಕಾಶೆ ಅಲ್ಲೇ ತೂಗುತ್ತಿತ್ತು. ಕೋಲಿನ ಮೊನೆ ತಾಗಿ ತಾಗಿ ರಾಣಿಯ ಮುಖ ಮಾಸಿತ್ತು. ಮೂರು ವರ್ಷ ನಾನು ಆ ಚೀಟಿ ಮುಟ್ಟಿಯೇ "ಇದು ವಿಲಾಯತಿ, ಇಲ್ಲಿ ನನ್ನ ತಮ್ಮ ವಿಮಾನ ಕಲಿತಾನ" ಎಂದು ಪಾಠ ಹೇಳಿದ್ದೆ. ಬೆರಳು ಒದ್ದೆ ಮಾಡಿ ಗಂಜಿ ನೆನೆಸಿ ನಿಧಾನಕ್ಕೆ ಎಬ್ಬಿಸಿದೆ. ಹಿಂಬದಿಯಲ್ಲಿ, ಲಕೋಟೆಯ ಮೂಲೆಯ ಮೇಲೆ, ನೀಲಿ ಮಸಿಯಲ್ಲಿ ಅಚ್ಚಾಗಿದ್ದ ಒಂದು ರೆಕ್ಕೆ ಇತ್ತು. ಇನ್ನೊಂದು ರೆಕ್ಕೆ ಅವ್ವ ಸುಟ್ಟ ಭಾಗದಲ್ಲಿತ್ತು.

ಅಂಟಿಸುವಾಗ ಒಂದು ಸಲ ತಿರುವಿ ನೋಡಿದ್ದರೆ ದೀಪಾವಳಿಗೆ ಇನ್ನೂ ದಿನಗಳಿದ್ದವು. ಅಷ್ಟೂ ಅಳು ಆವತ್ತು ಖಾಲಿ ತರಗತಿಯಲ್ಲಿ ಅತ್ತೆ. ಮಕ್ಕಳು ಬಂದರು, ಹಾಜರಿ ಕರೆದೆ.

ಅವ್ವನಿಗೆ ನಾನು ಹೇಳಲಿಲ್ಲ. ಹೇಳಿ ಯಾರ ಹೊಟ್ಟೆ ತಣ್ಣಗಾಗಬೇಕಿತ್ತು? ಅವಳು ಬಹಳ ವರ್ಷ ಬದುಕಿದಳು. ಬಂದ ಹೆಂಗಸರಿಗೆಲ್ಲ, ಬಾಗಿಲಿಗೆ ಬಂದ ಸಾವನ್ನು ತಾನು ಅಂಗಳದಿಂದಲೇ ತಿರುಗಿಸಿದ ಕತೆ ಹೇಳುತ್ತಿದ್ದಳು. ನಾನು ಚಹಾ ತಂದು ಕೊಡುತ್ತ ಕೇಳುತ್ತಿದ್ದೆ. ಒಂದು ದಿನ ಕತೆ ಮುಗಿಸಿ ನನ್ನ ಕಡೆ ತಿರುಗಿದಳು.

"ನೀ ಮನ್ಯಾಗ ಇದ್ದಿದ್ರ ಆ ಕಾಗದ ಒಳಗ ತರ್ತಿದ್ದಿ, ಹೌದಲ್ಲ?"

"ತರ್ತಿದ್ದೆ ಅವ್ವ."

"ಅದಕ್ಕ ದೇವರು ನಿನ್ನ ಸುರಪುರಕ್ಕ ಕಳಿಸಿದ್ದ," ಎಂದಳು. "ಅದರಿಂದನ ಇನ್ನ ಮೂರು ವರ್ಷ ಅವನ ಮಾರಿ ನೋಡಿದೆ."